ಡ್ರೆಸ್ಸಿಂಗ್ ಕೋಣೆಯ ಹೊರಗೆ ಬಿಟ್ಟ ಚಪ್ಪಲಿ

ನಾನು ನಿವೃತ್ತಳಾದ ದಿನ ಆಸ್ಪತ್ರೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ನನ್ನದು ದಣಿವರಿಯದ ಸೇವೆ ಎಂದು ಭಾಷಣ ಮಾಡಿದರು. ಭಾಷಣ ಮಾಡಿದವರು ನನ್ನ ಡ್ರೆಸ್ಸಿಂಗ್ ಕೋಣೆಗೆ ಒಮ್ಮೆಯೂ ಕಾಲಿಟ್ಟವರಲ್ಲ. ದಣಿವು ನನಗೆ ಚೆನ್ನಾಗಿಯೇ ಗೊತ್ತಿತ್ತು. ಅದಕ್ಕಿಂತ ಚೆನ್ನಾಗಿ ಸಿಟ್ಟು ಗೊತ್ತಿತ್ತು. ಆ ಸಿಟ್ಟಿನಲ್ಲಿ ಅರ್ಧ ಡಾಕ್ಟರರ ಮೇಲೆ, ಕಾಲು ಭಾಗ ಮಕ್ಕಳ ಮನೆಯವರ ಮೇಲೆ, ಉಳಿದ ಕಾಲು ಭಾಗ ನನ್ನ ಮೇಲೆ. ಈಗ ನರ್ಸಿಂಗ್ ಮುಗಿಸಿ ಬರುವ ಹುಡುಗಿಯರು ಗದುಗಿನ ನನ್ನ ಮನೆಗೆ ಬಂದು, "ಅಕ್ಕಾರ, ಮಕ್ಕಳ ಗಾಯದ ಕೆಲಸ ಹೆಂಗಿರತೈತ್ರಿ?" ಎಂದು ಕೇಳುತ್ತಾರೆ. ಚಹ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೂರು ವಾರಕ್ಕೆ ಆರಬೇಕಾದ ಗಾಯ ಮೂರು ತಿಂಗಳಾದರೂ ಆರದಿದ್ದರೆ ಆ ಮಗು ನನ್ನ ಪಾಲಿಗೆ ಬರುತ್ತಿತ್ತು. ಬಿಸಿನೀರು ಬಿದ್ದು ಸುಟ್ಟವರು, ಹಾವು ಕಚ್ಚಿ ಮಾಂಸ ಕೊಳೆತವರು, ಎಲುಬಿನಲ್ಲಿ ಕೀವು ತುಂಬಿದವರು, ಹಾಸಿಗೆ ಹಿಡಿದು ಬೆನ್ನು ಹುಣ್ಣಾದವರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲ ಕಡೆಯಿಂದ ಬಸ್ಸು ಹಿಡಿದು ಬರುತ್ತಿದ್ದರು. ಇಂಥ ಗಾಯದಲ್ಲಿ ಹೊಲಿದು ಮುಗಿಸುವುದು, ಚಪ್ಪಾಳೆ ಹೊಡೆಸಿಕೊಳ್ಳುವುದು ಏನೂ ಇರುವುದಿಲ್ಲ. ಇವತ್ತು ನೋಡಿದ್ದು ನಾಳೆಯೂ ಹಾಗೇ ಇರುತ್ತದೆ. ನಾಡಿದ್ದು ಸ್ವಲ್ಪ ಕೆಟ್ಟಿರುತ್ತದೆ. ಯಾರು ಕೆಡಿಸಿದರು ಎಂದು ಪತ್ತೆ ಹಚ್ಚುವುದೇ ಅರ್ಧ ಕೆಲಸ.

ಎಷ್ಟೋ ಸಲ ಕೆಡಿಸಿದವಳು ನಾನೇ. ನಾನು ಕೆಲಸಕ್ಕೆ ಸೇರಿದಾಗ ಒಣ ಗಾಜ್ ಬಟ್ಟೆಯನ್ನು ಗಾಯಕ್ಕೆ ಒತ್ತಿ ಕಟ್ಟಿ, ಮರುದಿನ ಅದು ಅಂಟಿಕೊಂಡ ಮೇಲೆ ಸರ್ರನೆ ಕಿತ್ತು ತೆಗೆಯುತ್ತಿದ್ದೆವು. ರಕ್ತ ಬಂದರೆ ಗಾಯಕ್ಕೆ ಜೀವ ಇದೆ ಎಂದು ಹಿರಿಯ ಸಿಸ್ಟರು ಕಲಿಸಿದ್ದರು. ಆ ರಕ್ತದ ಜೊತೆ ಹಿಂದಿನ ದಿನ ಮೂಡಿದ ಎಳೆ ಚರ್ಮವೂ ಬರುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಮುಂಡರಗಿ ಕಡೆಯ ಆರು ವರ್ಷದ ಹುಡುಗಿಯೊಬ್ಬಳು ತೊಡೆ ಸುಟ್ಟುಕೊಂಡು ಬಂದಿದ್ದಳು. ಅವಳ ತಾಯಿ ನನ್ನ ಕೋಣೆಗೆ ಬರುವ ಮೊದಲು ಮೂಲೆಯಲ್ಲಿ ಕೂತು, ಕಾಯಿಸಿ ಆರಿಸಿದ ನೀರನ್ನು ಬಾಟಲಿಯಿಂದ ಹನಿ ಹನಿಯಾಗಿ ಪಟ್ಟಿಯ ಮೇಲೆ ಬಿಡುತ್ತಿದ್ದಳು. ಒಂದು ದಿನ ಸಿಕ್ಕಿಬಿದ್ದಳು. ವಾರ್ಡಿಗೆ ವಾರ್ಡೇ ಕೇಳುವಂತೆ ಬೈದೆ.

"ನೆನದ್ರ ತಾನ ಬಿಡತೈತ್ರಿ ಅಕ್ಕಾರ. ಕೂಸು ಅಳಂಗಿಲ್ಲ," ಎಂದಳು ಅವಳು, ತಲೆ ತಗ್ಗಿಸಿ.

ವಾರ್ಡಿನ ಎಲ್ಲರಿಗಿಂತ ಮೊದಲು ಆ ಹುಡುಗಿಯ ಗಾಯವೇ ಆರಿತು. ಎಷ್ಟೋ ವರ್ಷದ ಮೇಲೆ ತರಬೇತಿಗೆ ಕರೆದು, ಗಾಯವನ್ನು ಒಣಗಿಸಬಾರದು, ಹಸಿಯಾಗಿ ಇಡಬೇಕು, ನೆನೆಸದೆ ಪಟ್ಟಿ ಬಿಚ್ಚಬಾರದು ಎಂದು ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿಕೊಟ್ಟರು. ನಾನು ಹಿಂದಿನ ಸಾಲಿನಲ್ಲಿ ಕೂತು ಆ ತಾಯಿಯ ಮುಖ ನೆನಪು ಮಾಡಿಕೊಳ್ಳಲು ಒದ್ದಾಡಿದೆ. ಬಾಟಲಿ ನೆನಪಾಯಿತು, ಮುಖ ನೆನಪಾಗಲಿಲ್ಲ.

ಮಕ್ಕಳ ಮನೆಯವರೇನು ಕಡಿಮೆ ಇರಲಿಲ್ಲ. "ಏನರ ಹಚ್ಚೀರೇನು?" ಎಂದರೆ, "ಏನೂ ಹಚ್ಚಿಲ್ರಿ" ಎನ್ನುವರು. ಪಟ್ಟಿ ಬಿಚ್ಚಿದರೆ ಹಸಿರು ಎಲೆಯ ತುದಿ ನನ್ನನ್ನೇ ನೋಡುತ್ತಿರುತ್ತಿತ್ತು. ಶಿರಹಟ್ಟಿ ಕಡೆಯ ಒಬ್ಬ ಅಜ್ಜನಂತೂ, "ಎಲಿ ನಾವು ಹಚ್ಚಿಲ್ರಿ, ಅದ ಬಂದು ಕುಂತಿರಬೇಕು," ಎಂದು ನನ್ನ ಮುಖ ನೋಡಿಕೊಂಡೇ ಹೇಳಿದ. ಅಂಥವರ ಜೊತೆ ಜಗಳವಾಡಿ ಜಗಳವಾಡಿ ನನ್ನ ಗಂಟಲು ಶಾಶ್ವತವಾಗಿ ದೊಡ್ಡದಾಯಿತು. ನನ್ನ ಗಂಡ ಈಗಲೂ ಫೋನಿನಲ್ಲಿ ನಾನು ಮಾತಾಡುವಾಗ ಎದ್ದು ಹಿತ್ತಲಿಗೆ ಹೋಗುತ್ತಾರೆ.

ಡಾಕ್ಟರರದು ಬೇರೆ ಬಗೆಯ ಕಾಟ. ಗಾಯವನ್ನು ಮುಚ್ಚಿ ಸುಮ್ಮನೆ ಬಿಟ್ಟರೆ ಅದು ತನ್ನ ಕೆಲಸ ಮಾಡಿಕೊಳ್ಳುತ್ತದೆ. ಆದರೆ ಬೆಳಿಗ್ಗೆ ಸರ್ಜನ್ ಸಾಹೇಬರು ಬಂದು, "ಬಿಚ್ಚಿ, ನೋಡೋಣ" ಎನ್ನುವರು. ನಾನು ಮತ್ತೆ ಕಟ್ಟಿ ಕೈ ತೊಳೆಯುವಷ್ಟರಲ್ಲಿ ಮಕ್ಕಳ ಡಾಕ್ಟರು ಬಂದು ಬಿಚ್ಚಿಸುವರು. ಮಧ್ಯಾಹ್ನ ವ್ಯಾಯಾಮ ಮಾಡಿಸುವವರು. ಆಮೇಲೆ ಯಾರೋ ವಿದ್ಯಾರ್ಥಿಗಳನ್ನು ಕರೆತಂದು ತೋರಿಸುವರು. ಎಲ್ಲರೂ ನೋಡಿದವರೇ. ಒಬ್ಬರು ನೋಡಿದ್ದನ್ನು ಇನ್ನೊಬ್ಬರಿಗೆ ಹೇಳಿದವರಿಲ್ಲ. ಒಬ್ಬೊಬ್ಬರು ಫೈಲಿನಲ್ಲಿ ತಮ್ಮ ತಮ್ಮ ಹಾಳೆಯಲ್ಲಿ ಬರೆದು ಹೋಗುತ್ತಿದ್ದರು. ನಾಲ್ಕು ಹಾಳೆಯನ್ನೂ ಓದುತ್ತಿದ್ದವಳು ನಾನೊಬ್ಬಳೇ, ಮತ್ತು ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಇದನ್ನು ಬದಲಿಸಿದವರು ಹೊಸದಾಗಿ ಬಂದ ಮಕ್ಕಳ ಡಾಕ್ಟರಮ್ಮ. ವಯಸ್ಸು ಚಿಕ್ಕದು, ಹಟ ದೊಡ್ಡದು. ಗುರುವಾರ ಹನ್ನೊಂದು ಗಂಟೆಗೆ ಎಲ್ಲರೂ ಒಟ್ಟಿಗೆ ಬರಬೇಕು, ಪಟ್ಟಿ ಒಂದೇ ಸಲ ಬಿಚ್ಚಬೇಕು, ಎಲ್ಲರ ಮಾತೂ ಒಂದೇ ಹಾಳೆಯಲ್ಲಿ ಇರಬೇಕು ಎಂದು ಕಟ್ಟಳೆ ಮಾಡಿದರು. ಸರ್ಜನ್ ಸಾಹೇಬರು, "ನನ್ನ ಪೇಷಂಟ್ ನೋಡಾಕ ನಾನು ಗುರುವಾರದ ತನಕಾ ಕಾಯಬೇಕೇನು?" ಎಂದು ಎರಡು ವಾರ ಮುಖ ಗಂಟು ಹಾಕಿಕೊಂಡಿದ್ದರು. ನಾನು ಪಟ್ಟಿಯ ಮೇಲೆ ಬಾಲ್ ಪೆನ್ನಿನಿಂದ ಅಡ್ಡ ಗೆರೆ ಎಳೆದು ಸಹಿ ಹಾಕತೊಡಗಿದೆ. ಗೆರೆ ಸರಿದಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಒಮ್ಮೆ ಸಾಹೇಬರೇ ಸಿಕ್ಕಿಬಿದ್ದರು. ಅಂದಿನಿಂದ ಗುರುವಾರ ಎಲ್ಲರಿಗಿಂತ ಮೊದಲು ಬಂದು ಕೂಡುವವರು ಅವರೇ ಆದರು.

ತಂಡ ಎಂದರೆ ಹೀಗೆ ಎಂದು ನಾವೆಲ್ಲ ಬೀಗಿದೆವು. ಎಷ್ಟರ ಮಟ್ಟಿನ ತಂಡ ಎನ್ನುವುದು ಭಾಗ್ಯಾಳಿಂದ ಗೊತ್ತಾಯಿತು.

ಭಾಗ್ಯಾ ಲಕ್ಷ್ಮೇಶ್ವರದ ಹತ್ತಿರದ ಒಂದು ಹಳ್ಳಿಯ ಹುಡುಗಿ. ಆಗ ಎಂಟು ವರ್ಷ. ಹುಟ್ಟುವಾಗಲೇ ಬೆನ್ನಿನ ಮೇಲೆ ಗಂಟು ಇತ್ತು, ಹಸುಗೂಸಿದ್ದಾಗ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿತ್ತು. ನಡೆಯುತ್ತಿದ್ದಳು, ಓಡುತ್ತಲೂ ಇದ್ದಳು, ಆದರೆ ಬೆನ್ನಿನ ನರ ಕೆಟ್ಟು ಎರಡೂ ಪಾದಗಳಿಗೆ ಸ್ಪರ್ಶ ಇರಲಿಲ್ಲ. ಮುಳ್ಳು ಚುಚ್ಚಿದರೂ ತಿಳಿಯದು, ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಿಂತರೂ ತಿಳಿಯದು. ಬಲ ಹಿಮ್ಮಡಿಯ ಕೆಳಗೆ ಒಂದು ಗಾಯ, ರೂಪಾಯಿ ನಾಣ್ಯದಗಲ. ನಮ್ಮಲ್ಲಿಗೆ ಬರುವ ಹೊತ್ತಿಗೇ ಅದಕ್ಕೆ ವರ್ಷವಾಗಿತ್ತು. ಅವಳನ್ನು ಕರೆತರುತ್ತಿದ್ದವಳು ಅಜ್ಜಿ ನೀಲವ್ವ. ಬೆಳಗಿನ ಬಸ್ಸು ಹಿಡಿದು, ಮುಳಗುಂದ ದಾಟಿ, ಒಂದು ಗುರುವಾರವನ್ನೂ ತಪ್ಪಿಸದೆ ಬರುತ್ತಿದ್ದಳು. ಎಲೆ ಹಚ್ಚಲಿಲ್ಲ, ಪಟ್ಟಿ ಒದ್ದೆ ಮಾಡಲಿಲ್ಲ, ಹೇಳಿದ ಗುಳಿಗೆ ಹೇಳಿದ ಹೊತ್ತಿಗೆ ಕೊಟ್ಟಳು. ಅಷ್ಟು ಸರಿಯಾಗಿ ನಡೆದುಕೊಂಡ ಮನೆಯವರನ್ನು ನಾನು ಕಂಡದ್ದು ಕಡಿಮೆ. ಆದರೂ ಗಾಯ ಜಪ್ಪಯ್ಯ ಅನ್ನಲಿಲ್ಲ.

ಸ್ಪರ್ಶವಿಲ್ಲದ ಪಾದದ ಗಾಯಕ್ಕೆ ಔಷಧಕ್ಕಿಂತ ದೊಡ್ಡದು ಅದರ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಪ್ಲಾಸ್ಟರ್ ಹಾಕಿ ನೋಡಿದೆವು, ಅದು ಉಜ್ಜಿ ಇನ್ನೊಂದು ಕಡೆ ಗಾಯವಾಯಿತು. ಆಗ ಡಾಕ್ಟರಮ್ಮ ಬೆಟಗೇರಿಯಿಂದ ದುರಗಪ್ಪನನ್ನು ಕರೆಸಿದರು. ಅವನು ಚಪ್ಪಲಿ ಹೊಲಿಯುವವನು. ಪಾದದ ಅಚ್ಚು ತೆಗೆದುಕೊಂಡು, ಮೆತ್ತನೆಯ ರಬ್ಬರಿನ ಅಟ್ಟೆ ಹಾಕಿ, ಗಾಯದ ಕೆಳಗೆ ಬರುವಲ್ಲಿ ಕುಳಿ ತೋಡಿ, ಅವಳಿಗಾಗಿಯೇ ಒಂದು ಜೋಡಿ ಮಾಡಿದ. ಹದಿನೈದು ದಿನಕ್ಕೊಮ್ಮೆ ಬಂದು ಚಪ್ಪಲಿಯ ಚರ್ಮದ ಪಟ್ಟಿ ಬಿಗಿ ಮಾಡಿಕೊಡುತ್ತಿದ್ದ. ನಮ್ಮ ಸಭೆಯಲ್ಲಿ ಐದು ಕುರ್ಚಿ ಇದ್ದವು. ಅವನಿಗೆ ಒಂದು ಹಾಕಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ಅವನು ಹೊರಗೆ ವರಾಂಡದಲ್ಲಿ, ಚಪ್ಪಲಿಗಳ ಸಾಲಿನ ಪಕ್ಕ ಕೂತು ಕೆಲಸ ಮುಗಿಸಿ ಹೋಗುತ್ತಿದ್ದ.

ಪ್ರತಿ ಗುರುವಾರ ನಾವು ಕೇಳುತ್ತಿದ್ದೆವು, "ಚಪ್ಪಲಿ ಹಾಕ್ಕೊಂತಾಳೇನು?"

"ದಿನಾ ಹಾಕ್ಕೊಂತಾಳ್ರಿ," ನೀಲವ್ವ ಹೇಳುವಳು.

ಸರ್ಜನ್ ಸಾಹೇಬರು ಬರೆದುಕೊಳ್ಳುವರು, ಡಾಕ್ಟರಮ್ಮ ತಲೆಯಾಡಿಸುವರು, ನಾನು ಪಟ್ಟಿ ಕಟ್ಟುವೆ. ಹೀಗೇ ಆರು ತಿಂಗಳು.

ಆರನೇ ತಿಂಗಳ ಎಕ್ಸ್‌ರೇಯಲ್ಲಿ ಹಿಮ್ಮಡಿಯ ಎಲುಬಿಗೂ ಕೆಡುಕು ಮುಟ್ಟಿದ್ದು ಕಂಡಿತು. ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದರು: ಇನ್ನು ಮೂರು ತಿಂಗಳು ಔಷಧ ಕೊಟ್ಟು ನೋಡೋಣ, ಗಾಯ ಮುಚ್ಚದಿದ್ದರೆ ಮೊಣಕಾಲಿನ ಕೆಳಗೆ ತೆಗೆಯುವುದೇ ದಾರಿ. ಮಗುವಿಗೆ ಅರ್ಥವಾಗದಿರಲಿ ಎಂದು ಇಂಗ್ಲಿಷ್. ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂದು ನಂಬುವಷ್ಟು ಓದಿದವರು ನಾವು.

ಎಲ್ಲರೂ ಹೋದ ಮೇಲೆ ನಾನು ಪಟ್ಟಿ ಸುತ್ತುತ್ತಿದ್ದೆ. ಭಾಗ್ಯಾ ಕಾಲು ಚಾಚಿ ಕೂತಿದ್ದಳು.

"ಅಕ್ಕಾರ, ಕಾಲು ತಗದ್ರ ದುರಗಪ್ಪ ಕಾಕಾ ಒಂದ ಚಪ್ಪಲಿ ಹೊಲದ್ರ ಸಾಕಲ್ರಿ? ಅವರಿಗೆ ಕೆಲಸ ಕಡಿಮಿ ಆಗತೈತಿ."

ಅಳುಕಿಲ್ಲದೆ, ನನಗೆ ಸಮಾಧಾನ ಮಾಡುವವಳ ಹಾಗೆ ಹೇಳಿದಳು. ಮೂವತ್ತು ವರ್ಷ ಗಾಯ ನೋಡಿದ ನನಗೆ ಆ ದಿನ ಪಟ್ಟಿಯ ತುದಿ ಎಲ್ಲಿ ಸಿಕ್ಕಿಸಬೇಕೆಂದು ತಿಳಿಯಲಿಲ್ಲ. ಎದ್ದು ಹೊರಗೆ ಬಂದು, ವರಾಂಡದಲ್ಲಿದ್ದ ದುರಗಪ್ಪನ ಮೇಲೆ ಸಿಟ್ಟು ತೀರಿಸಿಕೊಂಡೆ. ಅವನೊಬ್ಬನೇ ಕೈಗೆ ಸಿಕ್ಕವನು.

"ಏನು ಚಪ್ಪಲಿ ಮಾಡಿಯಪಾ? ಆರು ತಿಂಗಳಾತು, ಗಾಯ ಹಂಗ ಐತಿ. ಕಾಲು ತಗೀಬೇಕು ಅನ್ನಾಕತ್ತಾರ," ಎಂದೆ. ಭಾಗ್ಯಾ ಕೇಳಿದ್ದನ್ನೂ ಹೇಳಿದೆ.

ದುರಗಪ್ಪ ಸೂಜಿ ಕೆಳಗಿಟ್ಟ. "ನಾನು ಒಂಟಿ ಚಪ್ಪಲಿ ಹೊಲಿಯಂಗಿಲ್ರಿ," ಎಂದ. ಆಮೇಲೆ ಬಾಗಿಲ ಬಳಿ ಇದ್ದ ಭಾಗ್ಯಾಳ ಚಪ್ಪಲಿ ಎತ್ತಿ, ತಿರುವಿ, ನನ್ನ ಕಣ್ಣ ಮುಂದೆ ಹಿಡಿದ.

"ಇಲ್ಲಿ ನೋಡ್ರಿ ಅಕ್ಕಾರ. ಎಂಟು ವರ್ಷದ ಹುಡುಗಿ, ಓಡ್ಯಾಡೂ ಹುಡುಗಿ, ಆರು ತಿಂಗಳು ಹಾಕ್ಯಾಳ ಅಂತೀರಿ. ಅಟ್ಟಿ ಸವದಿಲ್ಲ. ಒಳಗ ಹಿಮ್ಮಡದ ಗುರುತ ಬಿದ್ದಿಲ್ಲ. ಈ ಚಪ್ಪಲಿ ನಡದ ಇಲ್ರಿ."

"ಮತ್ತ ನೀಲವ್ವ ದಿನಾ ಹಾಕ್ತಾಳ ಅಂತಾಳಲ್ಲ?"

"ಹಾಕ್ತಾಳ್ರಿ, ಸುಳ್ಳಲ್ಲ. ಮನಿಯಿಂದ ಬಸ್ಸಿಗೆ, ಬಸ್ಸಿಂದ ಇಲ್ಲಿಗೆ. ಇಲ್ಲಿ ಬಂದು ಬಿಚ್ಚತಾಳ."

"ಇಲ್ಲ್ಯಾಕ ಬಿಚ್ಚತಾಳ?"

ದುರಗಪ್ಪ ನನ್ನ ತಲೆಯ ಮೇಲೆ, ಬಾಗಿಲ ಚೌಕಟ್ಟಿನ ಕಡೆ ನೋಡಿದ. ನಾನೂ ತಿರುಗಿ ನೋಡಿದೆ. 'ಚಪ್ಪಲಿ ಹೊರಗೆ ಬಿಡಿ.' ನಾನೇ ದಪ್ಪ ಅಕ್ಷರದಲ್ಲಿ ಬರೆದು, ನಾನೇ ಮೊಳೆ ಹೊಡೆದ ಬೋರ್ಡು. ಅದನ್ನು ಓದದೆ ಒಳಗೆ ಬಂದವರನ್ನು ನಾನು ಎಷ್ಟು ಸಲ ಬೈದು ಹೊರಗೆ ಕಳಿಸಿದ್ದೆನೋ ಲೆಕ್ಕವಿಲ್ಲ. ಬರಿಗಾಲಲ್ಲಿ ನಡೆಯಬಾರದ ಮಗು ಪ್ರತಿ ಗುರುವಾರ ಆ ಬಿಸಿ ಕಲ್ಲಿನ ವರಾಂಡದಲ್ಲಿ ಚಪ್ಪಲಿ ಬಿಚ್ಚಿ, ಬರಿಗಾಲಲ್ಲಿ ಸರದಿ ಕಾದು, ಬರಿಗಾಲಲ್ಲೇ ಒಳಗೆ ಬಂದು, ಚಪ್ಪಲಿ ಹಾಕುತ್ತಾಳೇನು ಎಂಬ ನಮ್ಮ ಪ್ರಶ್ನೆಗೆ ಅಜ್ಜಿ ಹೂಂ ಅನ್ನುವುದನ್ನು ಕೇಳುತ್ತ ಕೂರುತ್ತಿತ್ತು.

"ಮೊದಲ ಹೇಳಬೇಕಿತ್ತಲ್ಲೋ," ಎಂದೆ.

"ನನ್ನ ಯಾರು ಕೇಳಿದ್ರಿ? ದೊಡ್ಡ ಡಾಕ್ಟರು ಒಳಗ ಇರ್ತಾರ. ಬೋರ್ಡ ನಿಮ್ದು. ಏನರ ಕಾರಣ ಇರಬೇಕು ಅನಕೊಂಡೆ."

ಗುಳಿಗೆಯ ಸಾಲಿನಲ್ಲಿ ನಿಂತಿದ್ದ ನೀಲವ್ವನನ್ನು ಹೋಗಿ ಕೇಳಿದೆ. ಮನೆಯೊಳಗೆ ಭಾಗ್ಯಾ ಚಪ್ಪಲಿ ಹಾಕುತ್ತಾಳೋ ಎಂದೆ. ನಾನೇನೋ ಅಸಹ್ಯದ ಮಾತಾಡಿದೆ ಎಂಬಂತೆ ಅವಳು ನನ್ನನ್ನು ನೋಡಿದಳು.

"ಮನ್ಯಾಗ ಯಾರರ ಚಪ್ಪಲಿ ಹಾಕ್ತಾರೇನ್ರಿ? ಸಾಲಿಯಾಗೂ ಹೊರಗ ಬಿಡಸ್ತಾರ. ನೀವೂ ಹೊರಗ ಬಿಡು ಅಂದ್ರಿ. ದವಾಖಾನ್ಯಾಗ ಹಂಗ ಅಂದ ಮ್ಯಾಲೆ ಮನ್ಯಾಗ ಬ್ಯಾರೆ ಮಾಡ್ತೇವೇನು?"

ಮನೆ, ಶಾಲೆ, ನನ್ನ ಕೋಣೆ. ಆ ಮಗು ದಿನವಿಡೀ ಇರುವ ಯಾವ ಜಾಗದಲ್ಲೂ ಚಪ್ಪಲಿಗೆ ಪ್ರವೇಶವಿರಲಿಲ್ಲ. ಐದು ಕುರ್ಚಿಯಲ್ಲಿ ಕೂತ ಐದು ಜನಕ್ಕೆ ಇದು ಹೊಳೆಯಲಿಲ್ಲ, ಏಕೆಂದರೆ ನಾವೂ ಅದೇ ಮನೆಗಳಲ್ಲಿ ಬೆಳೆದವರು. ಹೊಸ್ತಿಲ ಬಳಿ ಕಾಲು ತಾನಾಗಿಯೇ ಚಪ್ಪಲಿ ಬಿಡುತ್ತದೆ, ತಲೆಯನ್ನು ಕೇಳುವುದಿಲ್ಲ.

ಅದೇ ಸಂಜೆ ಬೋರ್ಡು ಕಿತ್ತೆ. ಮುಂದಿನ ಗುರುವಾರ ಆರನೇ ಕುರ್ಚಿ ಬಂತು. ದುರಗಪ್ಪ ಅದರ ತುದಿಯಲ್ಲಿ ಕೂತು, ಚಪ್ಪಲಿಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಸರ್ಜನ್ ಸಾಹೇಬರಿಗೆ ಸವೆಯದ ಅಟ್ಟೆ ತೋರಿಸಿದ. ಸಾಹೇಬರು ಬಹಳ ಹೊತ್ತು ಅದನ್ನು ನೋಡಿ, ತಾವು ಆರು ತಿಂಗಳು ಬರೆದ ಹಾಳೆಗಳನ್ನು ಮಡಚಿ ಪಕ್ಕಕ್ಕೆ ಇಟ್ಟರು. ಅವರ ಮೇಲೆ ನನಗಿದ್ದ ಹಳೇ ಸಿಟ್ಟು ಅರ್ಧ ಇಳಿದದ್ದು ಆಗಲೇ.

ನಾನೂ ದುರಗಪ್ಪನೂ ಲಕ್ಷ್ಮೇಶ್ವರದ ಬಸ್ಸು ಹಿಡಿದು ಭಾಗ್ಯಾಳ ಮನೆಗೆ ಹೋದೆವು. ಹೊಸ್ತಿಲಲ್ಲಿ ನಾನು ಮೊದಲು ಮಾಡಿದ ಕೆಲಸ ಚಪ್ಪಲಿ ಬಿಚ್ಚಿದ್ದು. ಭಾಗ್ಯಾ ಅದನ್ನು ನೋಡಿ ನಕ್ಕಳು. ಒಳಗೆ ಉದ್ದಕ್ಕೂ ಒರಟು ಕಲ್ಲಿನ ನೆಲ. ನೀಲವ್ವ ಅವಲಕ್ಕಿ ಕೊಟ್ಟಳು, ಚಹ ಕೊಟ್ಟಳು, ಮಾತು ಮಾತ್ರ ಒಪ್ಪಲಿಲ್ಲ.

"ಚರ್ಮದ ಚಪ್ಪಲಿ ಒಲಿ ಮುಂದ ತರಾಕ ಬಿಡಂಗಿಲ್ರಿ. ನನ್ನ ಮೊಮ್ಮಗಳ ಕಾಲು ನನಗ ಬ್ಯಾಡಾಗಿಲ್ಲ. ಆದ್ರ ಮನಿ ಅಂದ ಮ್ಯಾಲೆ ಮನಿ."

ನಾನು ದನಿ ಏರಿಸಿದೆ, ಅವಳೂ ಏರಿಸಿದಳು. ನನಗೆ ಸರಿಸಮದವಳು ಸಿಕ್ಕಿದ್ದಳು. ದುರಗಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಅಲ್ಲಿಂದಲೇ ಒಳಗಿನ ಹಾಸಿಗೆಯ ಮೇಲೆ ಮಡಚಿಟ್ಟ, ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯನ್ನು ನೋಡಿದ.

"ಯವ್ವಾ, ಕೌದಿ ನೀವ ಹೊಲದದ್ದೇನು?"

"ನಾನ ಹೊಲದದ್ದು. ಯಾಕ?"

"ಚರ್ಮ ಬಿಡ್ರಿ. ಕೆಳಗ ಹೊಸಾ ರಬ್ಬರು, ಅಂಗಳ ಕಂಡದ್ದಲ್ಲ, ನಾನು ಕೊಡ್ತೀನಿ. ಮ್ಯಾಲಿನ ಅರಿವಿ ನೀವು ಹೊಲದು ಕೊಡ್ರಿ, ನಿಮ್ಮ ಹಳೇ ಸೀರಿದು. ಮನ್ಯಾಗಷ್ಟ ಹಾಕೂದು, ಹೊಸ್ತಿಲಾ ದಾಟಸೂದಲ್ಲ. ಅದು ಚಪ್ಪಲಿ ಹೆಂಗ ಆಗತೈತ್ರಿ? ಕೌದಿ ಆತು."

ನೀಲವ್ವ ಎದ್ದು ಹೋಗಿ ಕೌದಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ, "ಅಡಿಗಿ ಮನಿ ತನಕಾ ಬರಲಿ. ದೇವರ ಮನಿಗೆ ಬ್ಯಾಡ," ಎಂದಳು. ಅಷ್ಟು ಸಾಕು ಎಂದು ನಾನು ಎದ್ದೆ. ಹೊರಡುವಾಗ ಅವಳು ದುರಗಪ್ಪನ ಚಹದ ಬಟ್ಟಲನ್ನು ಹೊರಗಿಂದ ಎತ್ತಿ ನಮ್ಮ ಬಟ್ಟಲುಗಳ ಜೊತೆಗೇ ಒಳಗೆ ಒಯ್ದಳು. ಅದನ್ನು ನಾನೂ ನೋಡಿದೆ, ಅವನೂ ನೋಡಿದ.

ಡಾಕ್ಟರಮ್ಮ ಶಾಲೆಗೆ ಚೀಟಿ ಬರೆದರು. ಹೊರಗೆ ಒಂದು ಜೋಡಿ, ಶಾಲೆಯಲ್ಲಿ ಇನ್ನೊಂದು, ಮನೆಯಲ್ಲಿ ಕೌದಿಯದ್ದು. ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಬೇಕು. ಮೊದಲ ತಿಂಗಳು ಏನೂ ಆಗಲಿಲ್ಲ, ನಾನು ಎಲ್ಲರ ಮೇಲೂ ಹರಿಹಾಯ್ದೆ. ಎರಡನೇ ತಿಂಗಳು ಗಾಯದ ಅಂಚು ಬೆಳ್ಳಗಾಗಿ ಒಳಗೆ ಸರಿಯತೊಡಗಿತು. ಮೂರನೇ ತಿಂಗಳ ಕೊನೆಗೆ ಮೆಣಸಿನ ಕಾಳಿನಷ್ಟು ಉಳಿಯಿತು. ಸಾಹೇಬರು ಇಂಗ್ಲಿಷ್ ಬಿಟ್ಟು, ಭಾಗ್ಯಾಳಿಗೇ ನೇರವಾಗಿ, "ಕಾಲು ನಿಂದ ಐತಿ ಇನ್ನ. ಹುಷಾರಾಗಿ ಇಟ್ಕೋ," ಎಂದರು. ಮತ್ತೆರಡು ತಿಂಗಳಿಗೆ ಅದೂ ಮುಚ್ಚಿತು. ನಾನು ಸ್ಟೋರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇದನ್ನು ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕಳೆದ ತಿಂಗಳು ಮೊಣಕಾಲು ನೋವಿಗೆಂದು ಆಸ್ಪತ್ರೆಗೆ ಹೋದೆ. ಗುರುವಾರ ಎಂದು ಹಳೇ ಕೋಣೆಯ ಕಡೆ ಹಾಯ್ದೆ. ಗೋಡೆಗೆ ಹೊಸ ಬಣ್ಣ. ಬಾಗಿಲ ಮೇಲೆ ಹೊಳೆಯುವ ಹೊಸ ಬೋರ್ಡು: 'ಪಾದರಕ್ಷೆಗಳನ್ನು ಹೊರಗೆ ಬಿಡಿ.' ನನ್ನದಕ್ಕಿಂತ ಕನ್ನಡ ಶುದ್ಧ, ಅಷ್ಟೇ ವ್ಯತ್ಯಾಸ. ಕೆಳಗೆ ಮಕ್ಕಳ ಚಪ್ಪಲಿಗಳ ಸಾಲು. ಬರಬೇಕಾದ ಸಿಟ್ಟೆಲ್ಲ ಒಟ್ಟಿಗೇ ಬಂತು. ಅಟ್ಟೆ ಒರೆಸಿಕೊಳ್ಳಲು ಒಂದು ಒದ್ದೆ ಬಟ್ಟೆ ಇಟ್ಟರೆ ಮುಗಿಯುವ ಕೆಲಸ ಅದು. ನಿವೃತ್ತಳಾಗಿ ಹೋಗುವ ಮೊದಲು ಅದನ್ನು ಬರೆದೂ ಕೊಟ್ಟಿದ್ದೆ. ಯಾವ ಫೈಲಿನಲ್ಲಿ ಮಲಗಿದೆಯೋ.

ಅಷ್ಟರಲ್ಲಿ ತಪಾಸಣೆಗೆ ಭಾಗ್ಯಾ ಬಂದಳು. ಈಗ ಹನ್ನೊಂದು ವರ್ಷ, ಎತ್ತರವಾಗಿದ್ದಾಳೆ. ಹಿಂದೆ ನೀಲವ್ವ. ಬಾಗಿಲಲ್ಲಿ ಹೊಸ ಸಿಸ್ಟರು ಕೈ ಅಡ್ಡ ಹಿಡಿದಳು. "ಚಪ್ಪಲಿ ಹೊರಗ ಬಿಡವಾ. ಬೋರ್ಡ ಓದಾಕ ಬರಂಗಿಲ್ಲೇನು?"

"ಓದಾಕ ಬರತೈತ್ರಿ. ನಾನು ಬಿಚ್ಚಂಗಿಲ್ಲ," ಎಂದಳು ಭಾಗ್ಯಾ.

ಸಿಸ್ಟರು ದನಿ ಏರಿಸಿದಳು. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ನೀಲವ್ವ ಮೊಮ್ಮಗಳನ್ನು ಸರಿಸಿ ಮುಂದೆ ಬಂದಳು.

"ತಂಗಿ, ಈ ಹುಡುಗಿ ಚಪ್ಪಲಿ ನಮ್ಮ ದೇವರ ಮನಿ ತನಕಾ ಬಂದಾವು. ನಾನ ಕರಕೊಂಡೀನಿ. ನಿನ್ನ ಕ್ವಾಣಿ ಅದಕ್ಕಿಂತ ಮಡಿ ಏನವಾ?"

ಸಿಸ್ಟರು ಕೈ ಇಳಿಸಿದಳು. ಭಾಗ್ಯಾ ಎರಡೂ ಕಾಲಲ್ಲಿ ಟಪ್ ಟಪ್ ಎಂದು ಸದ್ದು ಮಾಡುತ್ತ ಒಳಗೆ ನಡೆದಳು. ದೇವರ ಮನೆಯ ವಿಷಯ ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಬೋರ್ಡಿಗೆ ಈ ಸಲ ಮೊಳೆಯಲ್ಲ, ನಾಲ್ಕು ಸ್ಕ್ರೂ ಹಾಕಿದ್ದಾರೆ. ನೋಡಿಕೊಂಡು ಬಂದಿದ್ದೇನೆ. ಬರುವ ಗುರುವಾರ ಸ್ಕ್ರೂಡ್ರೈವರ್ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ.